ಫಜರ್ ಆದ ಮೇಲಿನ ಅರ್ಧ ಗಂಟೆ: 82ನೇ ದಿನ

ಇವತ್ತಿಗೆ ಸತತ 11 ದಿನ ಆಯ್ತು, ಫಜರ್, ಅಂದ್ರೆ ನಸುಕಿನ ನಮಾಜ್, ಆದ ಮೇಲೆ ನಾನು ಮಲಗಿಲ್ಲ. ಈ ಒಂದು ಸಾಲು ಬರೆಯೋಕೆ ಎರಡೂವರೆ ತಿಂಗಳು ಕಾದಿದ್ದೆ. ಅಲ್‌ಹಮ್ದುಲಿಲ್ಲಾಹ್.

ಏಳೋದು, ವಜೂ (ನಮಾಜ್‌ಗೆ ಮುಂಚೆ ಕೈ, ಮುಖ, ಕಾಲು ತೊಳೆಯೋದು), ಸುನ್ನತ್ ನಮಾಜ್, ಜಮಾತ್ (ಮಸೀದಿಯಲ್ಲಿ ಎಲ್ಲರ ಜೊತೆ ಮಾಡೋ ನಮಾಜ್) ಇದನ್ನೆಲ್ಲ ಇಲ್ಲಿ ಬರೆಯಲ್ಲ. ನಿಮಗೆ ಗೊತ್ತಿರೋದೇ. ಒಂದು ಮಾತು ಮಾತ್ರ: ಅಲಾರಂ ಒಂದೇ ಹೊತ್ತಿಗೆ ಇಟ್ಟು ಮರೀಬೇಡಿ. ನಾನು ನವೆಂಬರ್ ಮೊದಲ ವಾರ ಶುರು ಮಾಡಿದಾಗ ಹುಬ್ಬಳ್ಳಿಯಲ್ಲಿ ಸೂರ್ಯ 6:30ರ ಹತ್ತಿರ ಹುಟ್ಟುತ್ತಿದ್ದ. ಈಗ ಜನವರಿ ಕೊನೆ, 7 ಆಗುತ್ತೆ. ಜೂನ್‌ನಲ್ಲಿ 6ಕ್ಕೇ ಬಂದಿರ್ತಾನೆ. ಫಜರ್ ಹೊತ್ತೂ ಅವನ ಜೊತೆಗೇ ಸರಿಯುತ್ತೆ. ಪ್ರತಿ ಜುಮ್ಮಾ ದಿನ, ಅಂದ್ರೆ ಶುಕ್ರವಾರ, ಮಸೀದಿಯ ನಮಾಜ್ ಹೊತ್ತಿನ ಪಟ್ಟಿ ನೋಡಿ ಅಲಾರಂ ಸರಿ ಮಾಡ್ಕೋತೀನಿ.

ಪೇಟೆಯಿಂದ ತಂದ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳ್ತಿತ್ತು. ಅಂಗಡಿಯವರು ಸೆಲ್ ಬದಲಿಸಿ ಅಂದರು. ಬದಲಿಸಿದೆ, ಮತ್ತೆ ಅದೇ ಕಥೆ. ನಾಲ್ಕು ನಿಮಿಷ ಅಂದ್ರೆ ವಾರಕ್ಕೆ ಸುಮಾರು ಅರ್ಧ ಗಂಟೆ. ಜಮಾತೇ ತಪ್ಪಿಹೋಗುತ್ತೆ. ಶೀಶಮ್ ಮರದ್ದು ಅಂತ ತರಿಸಿದ ರೆಹಾಲ್ (ಕುರ್‌ಆನ್ ಇಟ್ಟು ಓದೋ ಮಡಚುವ ಪೀಠ) ಕೂಡ ಬಿಚ್ಚಿ ನೋಡಿದರೆ ಪ್ಲೈವುಡ್. ಕುರ್‌ಆನ್ ಇಡೋ ವಸ್ತುವಿನಲ್ಲೂ ಹೀಗೆ ಮಾಡ್ತಾರಲ್ಲ ಅಂತ ನಿಜಕ್ಕೂ ಬೇಜಾರಾಯ್ತು. ಕೊನೆಗೆ ನಮ್ಮ ಓಣಿಯ ಬಡಿಗೇರ ಅಣ್ಣ ಸಾಗವಾನಿಯಲ್ಲಿ ಒಂದೇ ಹಲಗೆ ಸೀಳಿ ಮಾಡಿಕೊಟ್ಟರು.

ಈಗ ನನ್ನನ್ನು ಸತಾಯಿಸಿದ ವಿಷಯಕ್ಕೆ ಬರ್ತೀನಿ.

ಜಮಾತ್ ಮುಗಿಸಿ ಮನೆಗೆ ಬಂದಾಗ ಸೂರ್ಯ ಹುಟ್ಟೋಕೆ ಇನ್ನೂ ಅರ್ಧ ಗಂಟೆ ಇರುತ್ತೆ. ಹೊರಗೆ ಚಳಿ, ಒಳಗೆ ಕೌದಿ ಬೆಚ್ಚಗಿರುತ್ತೆ. ಸುಮ್ನೆ ಐದು ನಿಮಿಷ ಅಂತ ಒರಗಿದರೆ ಎಚ್ಚರ ಆಗೋದು ಎಂಟಕ್ಕೆ. ತಲೆ ಭಾರ, ಮನಸ್ಸು ಅದಕ್ಕಿಂತ ಭಾರ. ಪ್ರವಾದಿಯವರ ಮಾತು, ಹದೀಸ್, ಒಂದು ನೆನಪಾಗ್ತಿತ್ತು. ಮಲಗಿದವನ ತಲೆಯ ಹಿಂದೆ ಶೈತಾನ ಮೂರು ಗಂಟು ಹಾಕ್ತಾನೆ. ಎದ್ದು ಅಲ್ಲಾಹನನ್ನು ನೆನೆದರೆ ಒಂದು ಬಿಚ್ಚುತ್ತೆ, ವಜೂ ಮಾಡಿದರೆ ಇನ್ನೊಂದು, ನಮಾಜ್ ಮಾಡಿದರೆ ಮೂರನೇದು. ಆಮೇಲೆ ಬೆಳಗು ಹಗುರ. ಮೂರೂ ಬಿಚ್ಚಿದ ಮೇಲೂ ನಿದ್ದೆ ಯಾಕೆ ಎಳೆಯುತ್ತೆ? ಇದೇ ಪ್ರಶ್ನೆ ಹಿಡ್ಕೊಂಡು ಒದ್ದಾಡಿದೆ.

ಚಹಾ ಕುಡಿದೆ. ಕುಡಿದೂ ಮಲಗಿದೆ. ಓಣಿಯಲ್ಲಿ ಓಡಾಡಿದೆ, ನಾಯಿಗಳು ಬೆನ್ನು ಹತ್ತಿದವು. ಫೋನ್‌ನಲ್ಲಿ ಕುರ್‌ಆನ್ ತೆಗೆದೆ. ಎರಡು ಆಯತ್ (ವಚನ) ಓದೋದ್ರೊಳಗೆ ಮೇಲಿಂದ ಒಂದು ಮೆಸೇಜ್ ಇಳಿಯುತ್ತೆ, ಬೆರಳು ಅಲ್ಲಿಗೇ ಹೋಗುತ್ತೆ. ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡಿದ್ದು ಇದೇ. ಈಗ ರಾತ್ರಿಯ ಇಶಾ ನಮಾಜ್ ಆದ ಮೇಲೆ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟರೆ ಸೂರ್ಯ ಹುಟ್ಟೋವರೆಗೂ ಮುಟ್ಟಲ್ಲ.

71ನೇ ದಿನ ಪಡಸಾಲೆಯಲ್ಲಿ ತಂಗಿ, ಮಕ್ಕಳು ಮಲಗಿದ್ದರು. ದೀಪ ಹಾಕೋ ಹಾಗಿರಲಿಲ್ಲ. ಬೆಳಕಿದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಅಮ್ಮಿ ನಮಾಜ್ ಮುಗಿಸಿ ಜೋಳದ ರೊಟ್ಟಿ ಬಡಿಯೋಕೆ ಕೂತಿದ್ದರು. ನಾನು ಬಾಗಿಲ ಹತ್ತಿರ ಜಾನಮಾಜ್ ಹಾಸಿ, ರೆಹಾಲ್ ಇಟ್ಟು, ಸಣ್ಣ ದನಿಯಲ್ಲಿ ಕುರ್‌ಆನ್‌ನ ಒಂದು ಚಿಕ್ಕ ಅಧ್ಯಾಯ, ಸೂರಾ ಫಲಕ್, ಓದಿದೆ. ರೊಟ್ಟಿಯ ಸಪ್ಪಳ ಒಮ್ಮೆಲೇ ನಿಂತಿತು.

“ಇನ್ನೊಮ್ಮೆ ಓದು,” ಅಂದರು.

ಓದಿದೆ.

“ಅಲ್ಲಾಹ್ ‘ಹೇಳು’ ಅಂತಾನ. ನೀ ‘ತಿನ್ನು’ ಅನ್ನಾಕತ್ತೀಯಲ್ಲ, ಬೇಟಾ.”

ಚಿಕ್ಕಂದಿನಿಂದ ಬಾಯಿಪಾಠ ಇರೋ ಸೂರಾ ಅದು. ಅದರ ಮೊದಲ ಪದದಲ್ಲೇ ತಪ್ಪು! ‘ಹೇಳು’ ಅನ್ನೋ ಆ ಪದ ‘ಖುಲ್’, ಅದು ಶುರುವಾಗೋದು ಅರಬಿಯ ದೊಡ್ಡ ಖಾಫ್ ಅಕ್ಷರದಿಂದ. ಸಣ್ಣ ಕಾಫ್ ಹಾಕಿದರೆ ಅರ್ಥ ‘ತಿನ್ನು’ ಅಂತ ಬದಲಾಗುತ್ತೆ. ನಮ್ಮ ದಖನಿ ಉರ್ದುವಿನಲ್ಲಿ ಈ ದೊಡ್ಡ ಖಾಫನ್ನು ‘ಖ’ ಅಂತೀವಿ, ಅದರ ನಿಜವಾದ ಉಚ್ಚಾರಕ್ಕೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ನಾಲಿಗೆಯ ಬುಡ ಕಿರುನಾಲಿಗೆ ಕಡೆ ಏರಬೇಕು, ಉಸಿರು ಹಾರಬಾರದು. ಅಮ್ಮಿ ಹಿಟ್ಟು ಹತ್ತಿದ ಬೆರಳಿಂದ ತಮ್ಮ ಗಂಟಲು ಮುಟ್ಟಿ ತೋರಿಸಿದರು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಮತ್ತೆ ನನ್ನ ಕಡೆ ಕಿವಿ ಕೊಟ್ಟರು. ಅವರು ಚಿಕ್ಕವರಿದ್ದಾಗ ಮದರಸಾದಲ್ಲಿ ಉಸ್ತಾದರು ಇದನ್ನು ಕಲಿಸಿದ್ದರಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕೇಳಿರಲಿಲ್ಲ.

ಸೂರಾ ಫಲಕ್‌ನ ಐದು ಆಯತ್‌ಗಳಲ್ಲಿ ಈ ದೊಡ್ಡ ಖಾಫ್ ಆರು ಸಲ ಬರುತ್ತೆ. ಎಣಿಸಿ ನೋಡಿ. ಫಲಕ್ ಅಂದ್ರೆ ನಸುಕು. ನಾಲ್ಕನೇ ಆಯತ್‌ನಲ್ಲಿ ಗಂಟುಗಳ ಮಾತೂ ಇದೆ, ಅದರ ಮೇಲೆ ಊದುವವರ ಕೇಡಿನಿಂದ ಕಾಪಾಡು ಅಂತ. ಅದನ್ನು ಓದಿದಾಗ ಮೈ ಜುಮ್ಮೆಂದಿತು. ಹೊರಗೆ ನಸುಕು ಹರೀತಿತ್ತು. ನಿದ್ದೆ ಎಲ್ಲಿ ಹೋಯ್ತೋ.

ಒಬ್ಬನೇ ಮನಸ್ಸಿನಲ್ಲಿ ಓದುವಾಗ ಕಣ್ಣು ಮುಚ್ಚುತ್ತೆ. ಕೇಳೋರು ಒಬ್ಬರಿದ್ದು, ಬಾಯಿಬಿಟ್ಟು ಓದಿದರೆ ಮುಚ್ಚಲ್ಲ. ಇಷ್ಟೇ ಆಗಿತ್ತು. ನಿಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರು ಎದ್ದಿರ್ತಾರೆ ಅಂತ ಮೊದಲು ನೋಡಿ.

ನಡುವೆ ಮುಂದಿನ ಕೆಲಸದ ಬಗ್ಗೆ ಹೇಳಿಬಿಡ್ತೀನಿ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರೋದಿಲ್ಲ. ಪ್ರವಾದಿಯವರು, ಸಲ್ಲಲ್ಲಾಹು ಅಲೈಹಿ ವ ಸಲ್ಲಮ್, ಒಂದು ಮುದ್ದ್ ನೀರಿನಲ್ಲಿ ವಜೂ ಮಾಡ್ತಿದ್ದರು. ಅಂದ್ರೆ ಎರಡು ಕೈ ಸೇರಿಸಿದ ಬೊಗಸೆಯಷ್ಟು. ನಾನು ನಲ್ಲಿ ಬಿಟ್ಟು ಮಾಡೋ ವಜೂ ನೀರನ್ನು ಬಕೆಟ್‌ನಲ್ಲಿ ಹಿಡಿದು ನೋಡಿದೆ, ಐದು ಲೀಟರ್! ಹಿತ್ತಾಳೆ ಲೋಟಾ ತೊಳೆದಿಟ್ಟಿದ್ದೀನಿ. ರಂಜಾನ್ ಬರೋದ್ರೊಳಗೆ ಒಂದು ಲೋಟಾಕ್ಕೆ ಇಳಿಸಬೇಕು.

ಅಮ್ಮಿ ಈಗ ಬಾಯಲ್ಲಿ ಹೇಳೋದಿಲ್ಲ. ತಪ್ಪಾದರೆ ರೊಟ್ಟಿ ಬಡಿಯೋದು ನಿಲ್ಲುತ್ತೆ, ಸರಿಯಿದ್ದರೆ ಕೈ ಮುಂದುವರಿಯುತ್ತೆ. ಇವತ್ತು ಆ ಖಾಫ್ ಬರೋ ಆರರಲ್ಲಿ ಐದು ಸಲ ನಿಲ್ಲಲಿಲ್ಲ. ಮೂರನೇ ಆಯತ್‌ನ ಕೊನೆಯ ಪದ ಒಂದು ಉಳಿದಿದೆ.