ಕೆಳದಿಗೆ ಅಧ್ಯಯನಕ್ಕೆ ಹೊರಟವರಿಗೆ: ಮೊದಲು ರಿಜಿಸ್ಟರ್, ಆಮೇಲೆ ಓಲೆಗರಿ

ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿ ಓದಲು ಹೊರಟವರು ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹತ್ತಿದರೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು. ಶಿವಮೊಗ್ಗದಿಂದ ಬರುವವರಿಗೆ ಬಸ್ಸಿನಲ್ಲಿ ಸಾಗರ ಸುಮಾರು 70 ಕಿ.ಮೀ. ಕೆಳದಿ ಅಲ್ಲಿಂದ ಏಳೆಂಟು ಕಿ.ಮೀ. ಅಷ್ಟೆ. ವಸತಿ ಸಾಗರದಲ್ಲೇ ಮಾಡಿಕೊಳ್ಳಿ, ಆಟೋದವರ ಹತ್ತಿರ ಸಂಜೆ ವಾಪಸು ಬರುವುದನ್ನೂ ಬೆಳಿಗ್ಗೆಯೇ ಮಾತಾಡಿಕೊಳ್ಳಿ.

ಇತಿಹಾಸ ಸಂಶೋಧಕ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಇಲ್ಲಿನ ವಸ್ತುಸಂಗ್ರಹಾಲಯ ಈಗ ಕುವೆಂಪು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ನೋಡಿಕೊಂಡು ಹೋಗುವವರಿಗೆ ಒಂದು ಗಂಟೆ ಸಾಕು. ಓದಲು ಬರುವವರು ಪತ್ರ ಬರೆದು, ಒಪ್ಪಿಗೆ ಬಂದ ಮೇಲೆಯೇ ಹೊರಡಬೇಕು. ಪತ್ರದಲ್ಲಿ ‘ಕೆಳದಿ ಇತಿಹಾಸ’ ಎಂದಷ್ಟೇ ಬರೆದರೆ ಅಲ್ಲಿನವರಿಗೆ ಯಾವ ಕಟ್ಟು ತೆಗೆದಿಡಬೇಕೆಂದೇ ಗೊತ್ತಾಗುವುದಿಲ್ಲ. ‘17ನೇ ಶತಮಾನದ ಅಡಿಕೆ ತೋಟದ ಕಂದಾಯ’ ಎಂದು ಖಚಿತವಾಗಿ ಬರೆಯಿರಿ. ನಿಮಗೆ ಯಾವ ಲಿಪಿ ಓದಲು ಬರುತ್ತದೆ ಎನ್ನುವುದನ್ನೂ ತಿಳಿಸಿ. ಇಲ್ಲಿನ ಓಲೆಗರಿಗಳಲ್ಲಿ ಬಹಳಷ್ಟು ತಿಗಳಾರಿ ಎಂಬ ಹಳೆಯ ಲಿಪಿಯಲ್ಲಿವೆ. ಕನ್ನಡ ಬಂದರೆ ಸಾಕು ಅಂದುಕೊಂಡು ಬಂದವರ ಮೊದಲ ದಿನ ಇಲ್ಲೇ ಹಾಳಾಗುತ್ತದೆ. ಫೋಟೋ ತೆಗೆಯುವ ಅನುಮತಿಯನ್ನು ಬೇರೆಯಾಗಿಯೇ ಕೇಳಿ. ನೋಡಲು ಬಿಟ್ಟರು ಅಂದ ಮಾತ್ರಕ್ಕೆ ಕ್ಯಾಮೆರಾ ಎತ್ತುವಂತಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಲೆನಾಡಿನ ಮಳೆಯಲ್ಲಿ ಗರಿ ಥಂಡಿ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ. ಆಗ ಕಟ್ಟು ಬಿಚ್ಚುವುದೇ ತಪ್ಪು. ಕಡು ಬೇಸಿಗೆಯಲ್ಲಿ ಅದೇ ಗರಿ ಒಣಗಿ ಅಂಚು ಮುರಿಯುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

ಹೋದ ಕೂಡಲೇ ಓಲೆಗರಿ ಕೇಳಬೇಡಿ, ದಾಖಲೆ ರಿಜಿಸ್ಟರ್ ಕೇಳಿ. ವಸ್ತುವಿನ ಸಂಖ್ಯೆ, ಬಂದ ದಿನ, ಕೊಟ್ಟವರು, ಅವರ ಊರು ಇವಿಷ್ಟು ಗೊತ್ತಾಗದಿದ್ದರೆ ಕೈಯಲ್ಲಿರುವುದು ಬರೀ ಹಳೆಯ ಗರಿ. ಒಂದೇ ಜಾತಕದ ಗ್ರಂಥ ಪುರೋಹಿತರ ಮನೆಯಿಂದ ಬಂದಿದ್ದರೆ ಒಂದು ಅರ್ಥ, ಶಾನುಭೋಗರ ಮನೆಯಿಂದ ಬಂದಿದ್ದರೆ ಇನ್ನೊಂದು. ಮಾನವಶಾಸ್ತ್ರದವರಿಗಂತೂ ಪಠ್ಯಕ್ಕಿಂತ ಈ ಸಾಲುಗಳೇ ಹೆಚ್ಚು. ಯಾವ ಸಂಗ್ರಹಾಲಯದಲ್ಲೇ ಆಗಲಿ ಸಂಖ್ಯೆ ಒಮ್ಮೆ ಬದಲಾಗಿರಬಹುದು. ಹಳೆಯದು, ಹೊಸದು ಎರಡನ್ನೂ ಬರೆದುಕೊಳ್ಳಿ.

ಚೀಲದಲ್ಲಿ ಪೆನ್ಸಿಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸೆಂಟಿಮೀಟರ್ ಪಟ್ಟಿ, ಸಣ್ಣ ಟಾರ್ಚ್ ಇರಲಿ. ಪೆನ್ನು, ನೀರಿನ ಬಾಟಲಿ ಹೊರಗೇ ಇರಲಿ. ಕೈ ತೊಳೆದು ಪೂರ್ತಿ ಒಣಗಿಸಿಕೊಂಡರೆ ಸಾಕು. ದಪ್ಪ ಗ್ಲೌಸು ಗರಿಯ ಅಂಚಿಗೆ ಸಿಕ್ಕಿ ಸೀಳಿಬಿಡುತ್ತದೆ. ದಾರ ಎಳೆಯಬೇಡಿ, ಸಿಬ್ಬಂದಿಯೇ ಬಿಚ್ಚಲಿ. ಕಂಠದಿಂದ (ಗರಿಯ ಮೇಲೆ ಬರೆಯುವ ಕಬ್ಬಿಣದ ಮೊನೆ) ಕೊರೆದು ಮಸಿ ತುಂಬದ ಗರಿ ಮೇಲಿನಿಂದ ನೋಡಿದರೆ ಖಾಲಿಯೇ. ಟಾರ್ಚನ್ನು ಪಕ್ಕದಿಂದ, ಗರಿಯ ಮಟ್ಟಕ್ಕೆ ಇಳಿಸಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಫ್ಲಾಷ್ ಹಾಕಬೇಡಿ. ಪ್ರತಿ ಚಿತ್ರದೊಳಗೂ ಸಂಖ್ಯೆಯ ಚೀಟಿ ಮತ್ತು ಸೆಂಟಿಮೀಟರ್ ಪಟ್ಟಿ ಕಾಣಬೇಕು. ಚೀಟಿ ಇಲ್ಲದ ಇನ್ನೂರು ಚಿತ್ರಗಳನ್ನು ಊರಿಗೆ ಹೋಗಿ ಹೊಂದಿಸಲು ಆಗುವುದಿಲ್ಲ. ನೂರು ಗರಿಯ ಒಂದು ಕಟ್ಟಿಗೆ ಇನ್ನೂರು ಮಗ್ಗುಲು, ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ಐದು ಗಂಟೆ. ದಿನಕ್ಕೆ ಒಂದೇ ಕಟ್ಟು ಎಂದು ಲೆಕ್ಕ ಹಾಕಿ.

ಮಲೆನಾಡಿನ ಹಳೆಯ ಸಂಗ್ರಹಗಳಲ್ಲಿ ಕಡತ ಸಿಕ್ಕರೆ ಇನ್ನೂ ಹುಷಾರು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು ಅದು. ಇವತ್ತು ಕಚೇರಿಯ ಫೈಲಿಗೆ ನಾವು ‘ಕಡತ’ ಅನ್ನುವುದು ಈ ಹೆಸರಿನಿಂದಲೇ. ಬಳಪದ ಅಕ್ಷರ ಒರೆಸಿದರೆ ಹೋಗುತ್ತದೆ. ಬೆರಳು ತಾಕಿದರೂ ಸಾಕು. ಅಂಚು ಹಿಡಿದು ಒಂದು ಮಡಿಕೆ ಬಿಡಿಸಿ, ಚಿತ್ರ ತೆಗೆದು, ಹಳೆಯ ಗೆರೆಯಲ್ಲೇ ಮಡಚಿ.

ತಾರೀಕು ಲೆಕ್ಕ ಹಾಕುವಾಗ ಶಕ ವರ್ಷಕ್ಕೆ 78 ಕೂಡಿಸಿ, ತಾರೀಕು ಜನವರಿ 1ರಿಂದ ಯುಗಾದಿಯೊಳಗೆ ಬಿದ್ದರೆ 79. ಸಂವತ್ಸರದ ಹೆಸರಿನಿಂದ ತಾಳೆ ನೋಡದೆ ಬಿಡಬೇಡಿ. ಶಕ 1582 ಶಾರ್ವರಿ, ಅಂದರೆ ಕೆಳದಿಯ ಅರಸ ಶಿವಪ್ಪ ನಾಯಕನ ಕೊನೆಯ ವರ್ಷವಾದ ಕ್ರಿ.ಶ. 1660. ಕೊನೆಯ ಅಂಕಿ ಸವೆದು ಮರುವರ್ಷದ ಹೆಸರಾದ ‘ಪ್ಲವ’ ಎಂದಿದ್ದರೆ ಅದು ಶಕ 1583. ಧಾನ್ಯದ ಹಳೆಯ ಅಳತೆಗೂ ಇದೇ ಹುಷಾರು ಬೇಕು: ಖಂಡುಗಕ್ಕೆ 20 ಕೊಳಗ ಸರಿ, ಆದರೆ ಕೊಳಗ ಊರಿಂದ ಊರಿಗೆ ಬೇರೆ. ಕಿಲೋಗೆ ಇಳಿಸಿ ಬರೆದರೆ ಲೆಕ್ಕವೆಲ್ಲ ತಪ್ಪುತ್ತದೆ.

ಇನ್ನೊಂದು ದೊಡ್ಡ ಕೊರತೆ ರಿಜಿಸ್ಟರುಗಳದ್ದೇ. ಕೊಟ್ಟವರ ಹೆಸರಿರುತ್ತದೆ, ಮಾಡಿದವರದ್ದು ಇರುವುದಿಲ್ಲ. ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರ ಎಲ್ಲೇ ನೋಡಿದರೂ ಬರೆದ ಕೈ ಯಾರದು ಎಂದು ಕೇಳಿ, ಉತ್ತರ ಇಲ್ಲದಿದ್ದರೆ ಇಲ್ಲ ಎಂದೇ ನಿಮ್ಮ ಟಿಪ್ಪಣಿಯಲ್ಲಿ ಬರೆಯಿರಿ. ಕೆಮ್ಮಣ್ಣು, ಅಕ್ಕಿಯ ಬಿಳುಪು, ಗುರಿಗೆ ಎಂಬ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ: ಇವು ಗಾಜಿನ ಹಿಂದೆ ನಿಂತರೆ ತಿಳಿಯುವುದಿಲ್ಲ. ಸಾಗರದ ಸುತ್ತಲಿನ ಹಳ್ಳಿಗಳಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದನ್ನು ನೋಡಬೇಕೆಂದಿದ್ದರೆ ಇನ್ನೊಂದು ಸಲ ಆಶ್ವಯುಜದಲ್ಲಿ ಬನ್ನಿ, ಹುಣ್ಣಿಮೆಗೆ ಕೆಲವು ದಿನ ಮೊದಲೇ. ಹುಣ್ಣಿಮೆಯ ದಿನ ಬಂದರೆ ಬುಟ್ಟಿ ಬೆಳಗಿನ ಜಾವಕ್ಕೇ ಚರಗದ (ಗದ್ದೆಗೆ ಬೀರುವ ಎಡೆ) ಜೊತೆ ಗದ್ದೆಗೆ ಹೋಗಿರುತ್ತದೆ.