ಓ0ದಾಗ ಛಲೋ, ಓ2ಗೆ ಉಲ್ಟಾ

"ಓ0ದಾಗ ಛಲೋ ನಡೀತದ, ಓ2 ಹಾಕಿದ್ರ ಉತ್ತರಾನೇ ಬದಲಾಗ್ತದ." ಕಲಬುರಗಿಯ ಲ್ಯಾಬುಗಳಲ್ಲಿ ಜಿಸಿಸಿ (ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್) ಜೊತೆ ಗುದ್ದಾಡುವವರ ಮಾತಿದು. ಓ0 ಅಂದರೆ ಕೋಡನ್ನು ಚುರುಕುಗೊಳಿಸದ ಹಂತ; ಓ2, ಓ3 ಅಂದರೆ ಹೆಚ್ಚೆಚ್ಚು ಚುರುಕುಗೊಳಿಸುವ ಹಂತ. ಬೈಗುಳವೆಲ್ಲ ಆ ಕೆಲಸ ಮಾಡುವ ಆಪ್ಟಿಮೈಜರಿಗೆ. ಬಗ್ ಮಾತ್ರ ಬಹುಪಾಲು ಸಲ ಓ0ದಲ್ಲೂ ಅಲ್ಲೇ ಕೂತಿರುತ್ತದೆ.

ತೊಗರಿಯ ಲೆಕ್ಕವನ್ನೇ ತಗೊಳ್ಳಿ. ಎಪಿಎಂಸಿಗೆ ಬಂದ ಮಾಲಿನ ತೂಕವನ್ನು ಗ್ರಾಂನಲ್ಲಿ, 32 ಬಿಟ್ಟಿನ ಇಂಟ್‌ಗೆ (ಪೂರ್ಣಾಂಕ ಇಡುವ ಜಾಗ) ಕೂಡಿಸುತ್ತ ಹೋದರೆ 2,14,74,83,647ಕ್ಕೆ, ಅಂದರೆ ಸುಮಾರು 21,474 ಕ್ವಿಂಟಲಿಗೆ, ಅದು ತುಂಬಿತು. ಉಕ್ಕಿದ್ದನ್ನು ಹಿಡಿಯಲು ಹಲವರು "ಒಟ್ಟು + ತೂಕ < ಒಟ್ಟು" ಎಂದು ಬರೆಯುತ್ತಾರೆ. ಸೈನ್ಡ್ ಇಂಟ್ (ಋಣ ಸಂಖ್ಯೆಯನ್ನೂ ಹಿಡಿಯುವ ಇಂಟ್) ಉಕ್ಕುವುದು ಸಿ ಭಾಷೆಯಲ್ಲಿ ಅನ್‌ಡಿಫೈನ್ಡ್, ಅಂದರೆ ಆಗ ಏನಾಗಬೇಕೆಂದು ಭಾಷೆ ಹೇಳಿಲ್ಲ. ಅದು ಆಗುವುದೇ ಇಲ್ಲವೆಂದು ನಂಬುವ ಹಕ್ಕು ಕಂಪೈಲರಿಗಿದೆ. ಹಾಗಾಗಿ ಆ ಸಾಲನ್ನು ಅದು "ತೂಕ < 0" ಎಂದು ಸರಳಗೊಳಿಸಬಹುದು. ಕಾವಲುಗಾರನೇ ಮಾಯ. ಕೂಡಿಸುವ ಮೊದಲೇ "ಒಟ್ಟು > ಇಂಟ್_ಮ್ಯಾಕ್ಸ್ - ತೂಕ" ಎಂದು ನೋಡಬೇಕು (ಇಂಟ್_ಮ್ಯಾಕ್ಸ್ ಅಂದರೆ ಇಂಟ್ ಹಿಡಿಯುವ ಗರಿಷ್ಠ ಬೆಲೆ; ತೂಕ ಋಣಾತ್ಮಕವಲ್ಲದಿದ್ದರೆ ಇಷ್ಟು ಸಾಕು).

ಆಪ್ಟಿಮೈಜರಿನ ಕರಾರು ಇಷ್ಟೇ: ಹೊರಗೆ ಕಾಣುವ ವರ್ತನೆ, ಅಂದರೆ ಔಟ್‌ಪುಟ್ ಮತ್ತು ವೊಲಟೈಲ್ (ಕೈಬಿಡಬೇಡ ಎಂದು ಗುರುತಿಸಿದ) ಓದು-ಬರಹ, ಬದಲಾಗಬಾರದು. ಅದೂ ಭಾಷೆಯ ನಿಯಮ ಮುರಿಯದ ಕೋಡಿಗೆ ಮಾತ್ರ. ಸಮಯ ಈ ಕರಾರಿನಲ್ಲಿಲ್ಲ. ಲೂಪಿನ ಫಲಿತಾಂಶವನ್ನು ಎಲ್ಲೂ ಬಳಸದಿದ್ದರೆ ಇಡೀ ಲೂಪೇ ಹಾರಿಹೋಗಿ ನಿಮ್ಮ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) 0 ಸೆಕೆಂಡ್ ತೋರಿಸುತ್ತದೆ; ಅದನ್ನು ಕಂಡು ಹಿಗ್ಗಬೇಡಿ. ಪಾಸ್‌ವರ್ಡ್ ಅಳಿಸಲು ಕೊನೆಗೆ ಹಾಕಿದ ಮೆಮ್‌ಸೆಟ್ (ಮೆಮೊರಿಯನ್ನು ಒಂದೇ ಬೆಲೆಯಿಂದ ತುಂಬುವ ಫಂಕ್ಷನ್) ಕೂಡ ಹೀಗೇ ಮಾಯವಾಗಬಹುದು. ಅಲ್ಲಿ ಎಕ್ಸ್‌ಪ್ಲಿಸಿಟ್_ಬಿಜೀರೋ ಬಳಸಿ; ಅದನ್ನು ಕಂಪೈಲರ್ ಕಿತ್ತುಹಾಕುವುದಿಲ್ಲ.

ದಶಾಂಶ ಸಂಖ್ಯೆ ಹಿಡಿಯುವ ಫ್ಲೋಟ್‌ನದು ಬೇರೆ ತಕರಾರು. ಅಲ್ಲಿ ಕೂಡಿಸುವ ಕ್ರಮ ಬದಲಾದರೆ ಮೊತ್ತವೂ ಬದಲಾಗಬಹುದು: 1,67,77,216ಕ್ಕೆ 1 ಕೂಡಿಸಿದರೆ 32 ಬಿಟ್ಟಿನ ಸಿಂಗಲ್ ಪ್ರಿಸಿಷನ್‌ನಲ್ಲಿ ಏನೂ ಏರುವುದಿಲ್ಲ. ಅದಕ್ಕೇ ಓ3ರಲ್ಲೂ ಜಿಸಿಸಿ ತಾನಾಗಿ ಈ ಕ್ರಮ ಕದಲಿಸುವುದಿಲ್ಲ. ಫಾಸ್ಟ್-ಮ್ಯಾಥ್ ಫ್ಲ್ಯಾಗ್ (ಕಂಪೈಲರಿಗೆ ಕೊಡುವ ಸೂಚನೆ) ಹಾಕಿದಿರೋ, ಅನುಮತಿ ಕೊಟ್ಟಂತೆ. ಆಗ ಕಹಾನ್ ಮೊತ್ತದ (ಕಳೆದುಹೋಗುವ ಚೂರುಗಳನ್ನು ಹಿಡಿದಿಟ್ಟು ಕೂಡಿಸುವ ವಿಧಾನ) ತಿದ್ದುಪಡಿ ಪದವನ್ನು ಬೀಜಗಣಿತದ ಪ್ರಕಾರ ಸೊನ್ನೆ ಎಂದು ಕಿತ್ತೊಗೆಯುತ್ತದೆ. ಹಣದ ಲೆಕ್ಕಕ್ಕೆ ಈ ಫ್ಲ್ಯಾಗ್ ಬೇಡವೇ ಬೇಡ.

ಓ3 ಯಾವಾಗಲೂ ಓ2ಗಿಂತ ವೇಗ ಎನ್ನುವುದೂ ಸುಳ್ಳು. ಇನ್‌ಲೈನಿಂಗ್ (ಫಂಕ್ಷನ್ನಿನ ಕೋಡನ್ನು ಕರೆದಲ್ಲೇ ತುಂಬುವುದು), ಅನ್‌ರೋಲಿಂಗ್‌ನಿಂದ (ಲೂಪನ್ನು ಬಿಡಿಸಿ ಬರೆಯುವುದು) ಕೋಡ್ ಉಬ್ಬಿ, ಪ್ರೊಸೆಸರಿನ ಒಳಗಿನ ಚಿಕ್ಕ ಮೆಮೊರಿಯಾದ ಇನ್‌ಸ್ಟ್ರಕ್ಷನ್ ಕ್ಯಾಶ್‌ನಲ್ಲಿ ಹಿಡಿಯದಿದ್ದರೆ ನಿಧಾನವೇ ಆದೀತು. ಅಳೆದು ನೋಡಿ.

ಓ2ಗೆ ಉತ್ತರ ಕೆಟ್ಟರೆ ಮೊದಲು ವಾಲ್, ವೆಕ್ಸ್‌ಟ್ರಾ (-Wall, -Wextra) ಫ್ಲ್ಯಾಗುಗಳು ಕೊಡುವ ಎಚ್ಚರಿಕೆಗಳನ್ನು ಓದಿ, ಆಮೇಲೆ ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಸ್ಯಾನಿಟೈಜರ್ (ಓಡುವಾಗಲೇ ತಪ್ಪು ಹಿಡಿಯುವ ಸಾಧನ) ಎರಡನ್ನೂ ಹಾಕಿ ಓಡಿಸಿ. ಎಫ್‌ವ್ರ್ಯಾಪ್‌ವಿ (ಉಕ್ಕಿದ ಇಂಟ್ ಸುತ್ತಿಬರಲಿ ಎನ್ನುವ ಫ್ಲ್ಯಾಗ್) ಹಾಕಿದಾಗ ಸರಿಹೋದರೆ ತಪ್ಪು ಬಹುಶಃ ಇಂಟ್ ಉಕ್ಕುವುದರಲ್ಲಿದೆ. ಎಫ್‌ನೋ-ಸ್ಟ್ರಿಕ್ಟ್-ಏಲಿಯಾಸಿಂಗ್‌ಗೆ (ಬೇರೆ ಬಗೆಯ ಪಾಯಿಂಟರುಗಳೂ ಒಂದೇ ಜಾಗ ತೋರಿಸಬಹುದು ಎನ್ನುವ ಫ್ಲ್ಯಾಗ್) ಸರಿಹೋದರೆ ಪಾಯಿಂಟರ್ ಕಾಸ್ಟಿಂಗ್‌ನಲ್ಲಿ (ಒಂದು ಬಗೆಯ ಡೇಟಾದ ವಿಳಾಸವನ್ನು ಇನ್ನೊಂದು ಬಗೆಯದೆಂದು ಬಳಸುವಲ್ಲಿ) ಹುಡುಕಿ.