ಬರೀ ಇಟ್ಟಿಗೆ

ಪಕ್ಕದ ಸೈಟಿಗೆ ಬೆಳಗ್ಗೆ ಒಂದು ಲೋಡ್ ಇಟ್ಟಿಗೆ ಬಂತು. ಇಳಿಸಿದವರು ಎಷ್ಟು ನೀಟಾಗಿ ಜೋಡಿಸಿ ಹೋದರು ಅಂದರೆ, ಕಾಫಿ ಲೋಟ ಹಿಡಿದುಕೊಂಡು ಸುಮ್ನೆ ನೋಡುತ್ತಾ ನಿಂತೆ. ಕಾರ್ಲ್ ಆಂಡ್ರೆ ನೆನಪಾದ.

ಅಮೆರಿಕದ ಈ ಶಿಲ್ಪಿ ಕೆಲವು ವರ್ಷ ರೈಲ್ವೆಯಲ್ಲಿ ದುಡಿದವನು. 1966ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರ ನೆಲದ ಮೇಲೆ ಇಟ್ಟಿಗೆ ಜೋಡಿಸಿಟ್ಟ. ಒಟ್ಟು ಎಂಟು ಜೋಡಣೆ, ಒಂದೊಂದಕ್ಕೂ 120 ಇಟ್ಟಿಗೆ. ಆಕಾರ ಬೇರೆ ಬೇರೆ, ಲೆಕ್ಕ ಒಂದೇ. ಗಾರೆ ಇಲ್ಲ, ಬಣ್ಣ ಇಲ್ಲ, ಕೆಳಗೊಂದು ಪೀಠವೂ ಇಲ್ಲ. ಮಾರಾಟ ಆಗದ ಇಟ್ಟಿಗೆಗಳನ್ನು ವಾಪಸ್ ಕೊಟ್ಟುಬಿಟ್ಟ! 1972ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿ ಆ ಎಂಟರಲ್ಲೊಂದನ್ನು ಕೊಂಡಾಗ ಹೊಸ ಇಟ್ಟಿಗೆ ತಂದು ಜೋಡಿಸಬೇಕಾಯಿತು. 1976ರಲ್ಲಿ ಪತ್ರಿಕೆಗಳು ಜನರ ದುಡ್ಡು ಹಾಳು ಅಂತ ಹಿಡಿದು ಜಾಡಿಸಿದವು. ಒಬ್ಬ ಬಂದು ನೀಲಿ ಬಣ್ಣ ಎರಚಿಯೂ ಹೋದ.

ನನ್ನ ತೆರಿಗೆ ದುಡ್ಡಾಗಿದ್ದರೆ ನಾನೂ ಬೈಯುತ್ತಿದ್ದೆ ಬಿಡಿ. ಆದರೆ ಇದರ ಹಿಂದೊಂದು ಯೋಚನೆಯಿತ್ತು. ಆಂಡ್ರೆಯ ಹಿಂದಿನ ತಲೆಮಾರಿನ ಕಲಾವಿದರು ಮನಸ್ಸಿನ ತಳಮಳವನ್ನೆಲ್ಲ ಕ್ಯಾನ್ವಾಸಿನ ಮೇಲೆ ಸುರಿದಿದ್ದರು. ಅದು ಸಾಕು, ವಸ್ತು ವಸ್ತುವಾಗಿಯೇ ಇರಲಿ ಅಂದವರು ಆಂಡ್ರೆಯಂಥ ಮಿನಿಮಲಿಸ್ಟರು. ಅವರಲ್ಲೇ ಡೊನಾಲ್ಡ್ ಜಡ್ ತನ್ನ ಪೆಟ್ಟಿಗೆಯಂಥ ಶಿಲ್ಪಗಳನ್ನು ವರ್ಕ್‌ಶಾಪಿನಲ್ಲಿ ಮಾಡಿಸಿದ, ಡ್ಯಾನ್ ಫ್ಲೇವಿನ್ ಅಂಗಡಿಯ ಟ್ಯೂಬ್‌ಲೈಟನ್ನೇ ಗೋಡೆಗೆ ಹಾಕಿದ. ಇಂದಿನ ಇನ್‌ಸ್ಟಾಗ್ರಾಮಿನ ಬಿಳಿ ಗೋಡೆ, ಒಂದೇ ಕುರ್ಚಿಯ 'ಮಿನಿಮಲ್' ಮನೆಗೂ ಇದಕ್ಕೂ ಅಷ್ಟೇನೂ ಸಂಬಂಧ ಇಲ್ಲ ಅನ್ನಿಸುತ್ತೆ.

ಹೀಗೆಲ್ಲ ಯೋಚಿಸುತ್ತಿರುವಾಗಲೇ ಮೇಸ್ತ್ರಿ ಬಂದ. ಮೇಲಿನ ಸಾಲಿನಿಂದ ನಾಲ್ಕು ಇಟ್ಟಿಗೆ ಎಳೆದು, ಒಂದರ ಮೇಲೊಂದು ಇಟ್ಟು, ಕೂತು ಬೀಡಿ ಹಚ್ಚಿದ.